ಕಾಲಿನ ನೀಲಿ ಗೆರೆ, ಕೆನ್ನೆಯ ಕೆಂಪು ಗೆರೆ: ಲೇಸರ್‌ಗೆ ಮುನ್ನ ತಿಳಿದಿರಲಿ

ವುಝೂ ಮಾಡುವಾಗ ದಿನಕ್ಕೆ ಐದು ಬಾರಿ ಪಾದ ತೊಳೆಯುವ ನೀವು, ಆ ಕಾಲುಗಳನ್ನು ಗಮನವಿಟ್ಟು ನೋಡಿ ಎಷ್ಟು ದಿನವಾಯಿತು? ಇವತ್ತೇ ಬಾಗಿಲು ಹಾಕಿಕೊಂಡು, ಒಳ್ಳೆಯ ಬೆಳಕಿನಲ್ಲಿ ನಿಂತು ಒಮ್ಮೆ ನೋಡಿಕೊಳ್ಳಿ. ಕಣಕಾಲಿನ ಒಳಬದಿಯಲ್ಲಿ, ಮೊಣಕಾಲಿನ ಹಿಂದೆ, ತೊಡೆಯ ಹೊರಬದಿಯಲ್ಲಿ ಕೆಂಪು ಅಥವಾ ನೀಲಿ ಬಣ್ಣದ ಸಣ್ಣ ಸಣ್ಣ ಗೆರೆಗಳು ಜೇಡರ ಬಲೆಯಂತೆ ಹರಡಿವೆಯೇ? ಇದ್ದರೆ ಗಾಬರಿಯಾಗಬೇಡಿ. ಹಾಗೆಂದು ಬಟ್ಟೆ ಕೆಳಗೆಳೆದು ಮರೆತುಬಿಡಲೂ ಬೇಡಿ.

ನೊಣವಿನಕೆರೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳ ದಿನ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಫಜ್ರ್‌ಗೆ ಎದ್ದರೆ ಒಲೆಯ ಮುಂದೆ ನಿಲ್ಲಬೇಕು. ಆಮೇಲೆ ಬಟ್ಟೆ, ಪಾತ್ರೆ, ಅಂಗಳ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿ ಕೆಳಗಿಳಿಸಿದ ದಿನಗಳಲ್ಲಿ ಚಿಪ್ಪು ಬಿಡಿಸಿ ಕೊಬ್ಬರಿ ತೆಗೆಯುವ ಕೆಲಸ ಬೇರೆ. ಕೆಲವರಿಗೆ ಹೊಲಿಗೆ, ಕೆಲವರಿಗೆ ಬೀಡಿ, ಕೆಲವರಿಗೆ ಶಾಲೆಯಲ್ಲಿ ಪಾಠ. ರಮಝಾನ್ ಬಂದರೆ ಇಫ್ತಾರ್‌ಗೆ ಸಮೋಸ ಕರಿಯುತ್ತಾ ಗಂಟೆಗಟ್ಟಲೆ ನಿಂತೇ ಇರುತ್ತೀರಿ. ಸಂಜೆಯ ಹೊತ್ತಿಗೆ ಕಾಲು ಕಲ್ಲಿನಂತೆ ಭಾರವಾದರೆ "ಕೆಲಸ ಜಾಸ್ತಿಯಾಯಿತು" ಎಂದು ಎಣ್ಣೆ ತಿಕ್ಕಿಕೊಂಡು ಮಲಗುತ್ತೀರಿ.

ಇನ್ನೊಂದು ಕಡೆ, ಊರಿನ ಗೋಡೆಗಳ ಮೇಲೂ ಮೊಬೈಲ್ ಪರದೆಯ ಮೇಲೂ ಜಾಹೀರಾತುಗಳು: "ಲೇಸರ್ ಚಿಕಿತ್ಸೆ, ನೋವಿಲ್ಲ, ಗಾಯವಿಲ್ಲ, ಅರ್ಧ ಗಂಟೆಯಲ್ಲಿ ಮನೆಗೆ." ಮಗಳ ಮದುವೆ ನಿಶ್ಚಯವಾದ ಮನೆಯಲ್ಲಿ ಕೆನ್ನೆಯ ಕೆಂಪು ಗೆರೆಗೆ ಲೇಸರ್ ಮಾಡಿಸುವ ಮಾತು ಬರುತ್ತದೆ. ಅದೇ ಮನೆಯಲ್ಲಿ ಅಮ್ಮೀಯ ಊದಿದ ಕಾಲಿನ ಮಾತು ಬರುವುದೇ ಇಲ್ಲ.

ಲೇಸರ್ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಸರಿಯಾದ ಕಡೆ, ಸರಿಯಾದ ಕೈಯಲ್ಲಿ ಅದು ಒಳ್ಳೆಯ ಸಾಧನವೇ. ಆದರೆ ಗೆರೆ ಯಾಕೆ ಮೂಡಿತು ಎಂದು ಮೊದಲು ಕಂಡುಕೊಳ್ಳದೆ ಅದನ್ನು ಅಳಿಸಲು ಹೊರಟರೆ ದುಡ್ಡೂ ಹೋಗುತ್ತದೆ, ಕಾಯಿಲೆಯೂ ಉಳಿಯುತ್ತದೆ. ಇಷ್ಟು ಮನದಟ್ಟಾದರೆ ಸಾಕು.

ಅದು ನರವಲ್ಲ

ನಮ್ಮ ಕಡೆ ಎಲ್ಲರೂ "ಕಾಲಿನ ನರ ಉಬ್ಬಿದೆ" ಎನ್ನುತ್ತಾರೆ. ನರ ಎಂದರೆ ಮೆದುಳಿಗೆ ಸುದ್ದಿ ಮುಟ್ಟಿಸುವ ತಂತು. ಚರ್ಮದ ಮೇಲೆ ಕಾಣುವುದು ಅದಲ್ಲ. ಅದು ಕಾಲಿನಿಂದ ಹೃದಯಕ್ಕೆ ರಕ್ತವನ್ನು ವಾಪಸು ಒಯ್ಯುವ ರಕ್ತನಾಳ. "ನರದ ಡಾಕ್ಟರು" ಎಂದು ಹುಡುಕಿಕೊಂಡು ತಪ್ಪು ಬಾಗಿಲು ತಟ್ಟುವವರು ಬಹಳ ಜನ ಇರುವುದರಿಂದ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಕಣ್ಣಿಗೆ ಕಾಣುವ ಈ ನಾಳಗಳಲ್ಲಿ ಮೂರು ಬಗೆ. ಒಂದು ಮಿಲಿಮೀಟರ್‌ಗಿಂತ ಸಣ್ಣದಾದ, ಕೆಂಪು ಅಥವಾ ನೇರಳೆ ಬಣ್ಣದ ಎಳೆಗಳು ಮೊದಲನೆಯವು. ಇವಕ್ಕೆ ಸ್ಪೈಡರ್ ವೇನ್ಸ್ ಎನ್ನುತ್ತಾರೆ. ಒಂದರಿಂದ ಮೂರು ಮಿಲಿಮೀಟರ್ ಇರುವ, ಚರ್ಮದಡಿ ನೀಲಿ ಜಾಲದಂತೆ ಕಾಣುವವು ಎರಡನೆಯವು. ಮೂರು ಮಿಲಿಮೀಟರ್‌ಗಿಂತ ದಪ್ಪನಾಗಿ, ನಿಂತಾಗ ಹಗ್ಗದಂತೆ ಸುತ್ತಿಕೊಂಡು ಉಬ್ಬುವವು ವೆರಿಕೋಸ್ ವೇನ್ಸ್. ವೈದ್ಯರು ಕಾಯಿಲೆಯ ಹಂತಗಳನ್ನು ಸೊನ್ನೆಯಿಂದ ಆರರವರೆಗೆ ಗುರುತಿಸುತ್ತಾರೆ. ಸ್ಪೈಡರ್ ವೇನ್ಸ್ ಮತ್ತು ನೀಲಿ ಜಾಲ ಒಂದನೆಯ ಹಂತ. ಉಬ್ಬಿದ ನಾಳ ಎರಡನೆಯದು. ಬಾವು ಬಂದರೆ ಮೂರು. ಚರ್ಮ ಕಪ್ಪಾಗಿ ಗಟ್ಟಿಯಾದರೆ ಅಥವಾ ತುರಿಕಜ್ಜಿಯಾದರೆ ನಾಲ್ಕು. ಹುಣ್ಣಾಗಿ ವಾಸಿಯಾಗಿದ್ದರೆ ಐದು. ಹುಣ್ಣು ಮಾಯದೆ ಉಳಿದಿದ್ದರೆ ಆರು.

ಒಂದನೆಯ ಹಂತದವರೆಲ್ಲ ಆರನೆಯ ಹಂತಕ್ಕೆ ಹೋಗುವುದಿಲ್ಲ. ಹೆಚ್ಚಿನವರಿಗೆ ಅದು ಬರೀ ನೋಟದ ವಿಷಯವಾಗಿಯೇ ಉಳಿಯುತ್ತದೆ. ಆದರೆ ಕೆಲವರಲ್ಲಿ ಮೇಲಿನ ಸಣ್ಣ ಗೆರೆ ಒಳಗಿನ ದೊಡ್ಡ ನಾಳದ ದೋಷಕ್ಕೆ ಗುರುತು. ಯಾರಲ್ಲಿ ಯಾವುದು ಎಂದು ಪರೀಕ್ಷೆಯಿಂದಲೇ ತಿಳಿಯಬೇಕು.

ಪಂಪಿನ ಫುಟ್ ವಾಲ್ವ್‌ನ ಹಾಗೆ

ತೋಟಕ್ಕೆ ನೀರು ಹಾಯಿಸುವ ಮನೆಯವರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಸುಲಭ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್ ವಾಲ್ವ್ ಇರುತ್ತದಲ್ಲ? ನೀರು ಮೇಲಕ್ಕೆ ಹೋಗಲು ಬಿಡುತ್ತದೆ, ಕೆಳಗೆ ಬೀಳಲು ಬಿಡುವುದಿಲ್ಲ. ಕಾಲಿನ ರಕ್ತನಾಳಗಳ ಒಳಗೆ ಇಂಥ ಕವಾಟಗಳು ಸಾಲಾಗಿವೆ. ಅಲ್ಲಿ ಮೋಟಾರು ಯಾವುದು? ನಿಮ್ಮ ಮೀನಖಂಡ. ನೀವು ಹೆಜ್ಜೆಯಿಟ್ಟಾಗಲೆಲ್ಲ ಆ ಸ್ನಾಯು ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಕದಲದೆ ನಿಂತರೆ ಮೋಟಾರು ನಿಂತಂತೆ.

ಕವಾಟ ಸಡಿಲವಾದರೆ ರಕ್ತ ಹಿಂದಕ್ಕೆ ಜಾರಿ ಕಾಲಿನಲ್ಲೇ ನಿಲ್ಲುತ್ತದೆ. ಒಳಗಿನ ಒತ್ತಡ ಹೆಚ್ಚಿ ನಾಳ ಉಬ್ಬುತ್ತದೆ. ಆ ಒತ್ತಡ ಅದಕ್ಕೆ ಸೇರಿದ ಸಣ್ಣ ಕವಲುಗಳಿಗೂ ಹಬ್ಬುತ್ತದೆ. ಡ್ರಿಪ್ ಹಾಕಿದ ತೋಟದಲ್ಲಿ ಮೇನ್ ಲೈನಿನಲ್ಲಿ ದೋಷವಿಟ್ಟುಕೊಂಡು ಸಣ್ಣ ಪೈಪುಗಳಿಗೆ ಎಷ್ಟು ತೇಪೆ ಹಾಕಿದರೇನು? ಇವತ್ತು ಒಂದು ಕಡೆ ಮುಚ್ಚಿದರೆ ನಾಳೆ ಇನ್ನೊಂದು ಕಡೆ ಸೋರುತ್ತದೆ. ಕವಾಟ ಕೆಟ್ಟ ಕಾಲಿನ ಮೇಲಿನ ಗೆರೆಗಳಿಗೆ ಮಾತ್ರ ಲೇಸರ್ ಮಾಡಿಸಿದರೂ ಹೀಗೆಯೇ. ಕೆಲವು ತಿಂಗಳಲ್ಲಿ ಹೊಸ ಗೆರೆಗಳು ಏಳುತ್ತವೆ.

ತಾಯಿಗೋ ತಂದೆಗೋ ಈ ತೊಂದರೆ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ವಯಸ್ಸು, ಮೈಭಾರ, ನಿಂತೇ ಮಾಡುವ ಕೆಲಸ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇವೂ ಕಾರಣಗಳು. ಹೆಣ್ಣುಮಕ್ಕಳಲ್ಲಿ ಗರ್ಭಧಾರಣೆ ದೊಡ್ಡ ಕಾರಣ. ಆಗ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹಾರ್ಮೋನುಗಳಿಂದ ನಾಳದ ಗೋಡೆ ಸಡಿಲವಾಗುತ್ತದೆ, ಬೆಳೆಯುವ ಗರ್ಭ ಹೊಟ್ಟೆಯೊಳಗಿನ ದೊಡ್ಡ ನಾಳಗಳನ್ನು ಒತ್ತುತ್ತದೆ. ಆದರೆ ಬಸಿರಿನಲ್ಲಿ ಕಾಣಿಸಿಕೊಂಡ ಗೆರೆಗಳು ಹೆರಿಗೆಯ ನಂತರ ಕೆಲವು ತಿಂಗಳಲ್ಲಿ ಸಾಕಷ್ಟು ಕಡಿಮೆಯಾಗುವುದುಂಟು. ಆದ್ದರಿಂದ ಗರ್ಭಿಣಿಯರು ಲೇಸರ್ ಆಗಲಿ ಇಂಜೆಕ್ಷನ್ ಆಗಲಿ ಮಾಡಿಸಲು ಅವಸರಪಡಬಾರದು. ಮಗು ಹಾಲು ಬಿಡುವವರೆಗೂ ಕಾಯಲು ಹೆಚ್ಚಿನ ವೈದ್ಯರು ಹೇಳುತ್ತಾರೆ.

ಲೇಸರ್ ಹೇಗೆ ಕೆಲಸ ಮಾಡುತ್ತದೆ?

ಉಬ್ಬಿದ ರಕ್ತನಾಳಕ್ಕೆ ಚಿಕಿತ್ಸೆ ಹೊಸದೇನಲ್ಲ. ಸಾವಿರ ವರ್ಷದ ಹಿಂದೆ ಸ್ಪೇನಿನ ಕುರ್ತುಬಾದ ಶಸ್ತ್ರವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವಿ (936-1013) ತಮ್ಮ 30 ಭಾಗಗಳ 'ಅತ್ತಸ್ರೀಫ್' ಗ್ರಂಥದಲ್ಲಿ ಕಾಲಿನ ಉಬ್ಬಿದ ನಾಳವನ್ನು ಕೊಯ್ದು ಹೊರತೆಗೆಯುವ ವಿಧಾನವನ್ನು ವಿವರಿಸಿದ್ದಾರೆ. ಬೆಳಕಿನಿಂದ ನಾಳ ಮುಚ್ಚುವುದು ಮಾತ್ರ ನಮ್ಮ ಕಾಲದ್ದು. 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಎಂಬ ವೈದ್ಯರು, ಸುತ್ತಲಿನ ಚರ್ಮಕ್ಕೆ ಹಾನಿಯಾಗದಂತೆ ಬೇಕಾದ ಗುರಿಯನ್ನು ಮಾತ್ರ ಲೇಸರ್‌ನಿಂದ ಬಿಸಿ ಮಾಡುವುದು ಹೇಗೆಂಬ ತತ್ವವನ್ನು ಮಂಡಿಸಿದರು. ಇವತ್ತಿನ ಚರ್ಮದ ಲೇಸರ್‌ಗಳೆಲ್ಲ ಅದೇ ತತ್ವದ ಮೇಲೆ ನಿಂತಿವೆ.

ತತ್ವ ಸರಳವಾಗಿದೆ. ಬೇಸಿಗೆಯ ಮಧ್ಯಾಹ್ನ ಕಪ್ಪು ಬುರ್ಖಾ ಮತ್ತು ಬಿಳಿ ದುಪಟ್ಟಾ ಎರಡನ್ನೂ ಒಂದೇ ತಂತಿಯ ಮೇಲೆ ಒಣಹಾಕಿ ಮುಟ್ಟಿ ನೋಡಿ. ಬಿಸಿಲು ಒಂದೇ, ಕಾದದ್ದು ಮಾತ್ರ ಬೇರೆ ಬೇರೆ. ಬಣ್ಣವೇ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ರಕ್ತದ ಕೆಂಪು ಬಣ್ಣ ಚೆನ್ನಾಗಿ ಹೀರಿಕೊಳ್ಳುವಂಥ ಬೆಳಕನ್ನು ಆರಿಸಿ, ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತು ಬಿಟ್ಟರೆ ನಾಳದೊಳಗಿನ ರಕ್ತ ಕಾಯುತ್ತದೆ, ನಾಳದ ಗೋಡೆ ಸುಟ್ಟು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ನಾಳವನ್ನು ದೇಹ ನಿಧಾನವಾಗಿ ಕರಗಿಸಿಬಿಡುತ್ತದೆ. ರಕ್ತಕ್ಕೆ ಬೇರೆ ದಾರಿಗಳು ಬೇಕಾದಷ್ಟಿವೆ, ಆದ್ದರಿಂದ ಅಷ್ಟು ಸಣ್ಣ ನಾಳ ಹೋದರೆ ನಷ್ಟವಿಲ್ಲ.

ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂಥ ಚುರುಕು ಅನುಭವವಾಗುತ್ತದೆ. "ನೋವೇ ಇಲ್ಲ" ಎಂಬುದು ಜಾಹೀರಾತಿನ ಮಾತು. ಒಂದೇ ಬಾರಿಗೆ ಮುಗಿಯುವುದೂ ಅಪರೂಪ. ವಾರಗಳ ಅಂತರದಲ್ಲಿ ಎರಡು ಮೂರು ಬಾರಿ, ಕೆಲವರಿಗೆ ಅದಕ್ಕೂ ಹೆಚ್ಚು ಬಾರಿ ಹೋಗಬೇಕಾಗುತ್ತದೆ. ಪೂರ್ತಿ ಫಲ ಕಾಣಲು ತಿಂಗಳುಗಳು ಬೇಕು.

ನಮ್ಮ ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ

ಇಲ್ಲಿ ನೀವು ಎಚ್ಚರವಾಗಿರಬೇಕಾದ ಮುಖ್ಯ ವಿಷಯವಿದೆ. ಲೇಸರ್ ಬೆಳಕು ರಕ್ತವನ್ನು ಮುಟ್ಟಬೇಕಾದರೆ ಮೊದಲು ಚರ್ಮವನ್ನು ದಾಟಬೇಕು. ನಮ್ಮ ಚರ್ಮಕ್ಕೆ ಗೋಧಿಬಣ್ಣ, ಎಣ್ಣೆಗೆಂಪು, ಕಪ್ಪು ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. ಬಿಳಿಯರ ತೆಳು ಬಣ್ಣದ ಚರ್ಮಕ್ಕೆ ಹೊಂದಿಸಿದ ಶಕ್ತಿಯಲ್ಲೇ ನಮ್ಮ ಚರ್ಮದ ಮೇಲೆ ಬಿಟ್ಟರೆ, ನಾಳಕ್ಕಿಂತ ಮೊದಲು ಚರ್ಮವೇ ಸುಡುತ್ತದೆ. ಗುಳ್ಳೆ ಏಳಬಹುದು. ಕಪ್ಪು ಕಲೆಯೋ ಬಿಳಿ ಕಲೆಯೋ ಬಹಳ ಕಾಲ ಉಳಿಯಬಹುದು. ಕೆಂಪು ಗೆರೆ ತೆಗೆಯಲು ಹೋಗಿ ಕಪ್ಪು ಪಟ್ಟಿ ತಂದುಕೊಂಡಂತೆ.

ಲೇಸರ್‌ಗಳಲ್ಲಿ ಹಲವು ಬಗೆ ಇವೆ. 532 ನ್ಯಾನೊಮೀಟರ್‌ನ ಹಸಿರು ಬೆಳಕಿನದು, 585 ಅಥವಾ 595 ನ್ಯಾನೊಮೀಟರ್‌ನ ಡೈ ಲೇಸರ್, 1064 ನ್ಯಾನೊಮೀಟರ್‌ನ ಎನ್‌ಡಿ ಯಾಗ್ ಲೇಸರ್ ಇವು ರಕ್ತನಾಳಗಳಿಗೆ ಬಳಸುವ ಮುಖ್ಯವಾದವು. ಮೊದಲಿನವು ಮೇಲ್ಪದರದ ತೆಳು ಕೆಂಪು ಎಳೆಗಳಿಗೆ ಚೆನ್ನ, ಆದರೆ ಮೆಲನಿನ್ ಅವನ್ನು ಹೆಚ್ಚು ಹೀರುತ್ತದೆ. 1064ರ ಬೆಳಕು ಆಳಕ್ಕೆ ಇಳಿಯುತ್ತದೆ, ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಹಾಗಾಗಿ ಕಂದು ಚರ್ಮದವರ ಕಾಲಿಗೆ ಅದನ್ನೇ ಹೆಚ್ಚಾಗಿ ಆರಿಸುತ್ತಾರೆ. ಅದಕ್ಕೂ ಚರ್ಮವನ್ನು ತಂಪು ಮಾಡುವ ವ್ಯವಸ್ಥೆ ಬೇಕು. ಮೊದಲು ಒಂದು ಸಣ್ಣ ಜಾಗದಲ್ಲಿ ಪ್ರಯೋಗ ಮಾಡಿ ಕೆಲವು ವಾರ ಕಾದು ನೋಡಬೇಕು. ಪ್ರಯೋಗವಿಲ್ಲದೆ ಅದೇ ದಿನ ಪೂರ್ತಿ ಕಾಲಿಗೆ ಮಾಡುತ್ತೇವೆ ಎನ್ನುವವರಿಗೆ ಒಪ್ಪಿಗೆ ಕೊಡಬೇಡಿ. ಕೂದಲು ತೆಗೆಯುವ ಲೇಸರ್ ಇಟ್ಟುಕೊಂಡ ಬ್ಯೂಟಿ ಪಾರ್ಲರ್‌ನಲ್ಲಿ "ಇದರಲ್ಲೇ ಅದನ್ನೂ ತೆಗೆಯುತ್ತೇವೆ" ಎಂದರೆ ನಮಸ್ಕಾರ ಹೇಳಿ ಬನ್ನಿ.

ಕಾಲಿಗೆ ಲೇಸರ್‌ಗಿಂತ ಇಂಜೆಕ್ಷನ್ ಮುಂದೆ

ಕಾಲಿನ ಸ್ಪೈಡರ್ ವೇನ್ಸ್‌ಗೆ ಹೆಚ್ಚಿನ ತಜ್ಞರು ಮೊದಲು ಆರಿಸುವುದು ಲೇಸರ್ ಅಲ್ಲ, ಇಂಜೆಕ್ಷನ್. ಸ್ಕ್ಲೆರೋಥೆರಪಿ ಎಂಬ ಈ ವಿಧಾನದಲ್ಲಿ ಕೂದಲೆಳೆಯಂಥ ಸೂಜಿಯಿಂದ ಔಷಧವನ್ನು ನಾಳದೊಳಕ್ಕೆ ಬಿಡುತ್ತಾರೆ. ನಾಳದ ಗೋಡೆಗಳು ಅಂಟಿಕೊಂಡು ಮುಚ್ಚುತ್ತವೆ. ಕಾಲಿನ ನಾಳಗಳು ಮುಖದ ನಾಳಗಳಿಗಿಂತ ಆಳದಲ್ಲಿವೆ, ಗೋಡೆ ದಪ್ಪ, ಒಳಗಿನ ಒತ್ತಡವೂ ಹೆಚ್ಚು. ಆದ್ದರಿಂದ ಹೊರಗಿನಿಂದ ಬಿಡುವ ಬೆಳಕಿಗಿಂತ ಒಳಗೇ ಸೇರುವ ಔಷಧ ಅಲ್ಲಿ ಹೆಚ್ಚು ಫಲ ಕೊಡುತ್ತದೆ. ಸೂಜಿಯೇ ಹೋಗದಷ್ಟು ತೆಳುವಾದ ಎಳೆಗಳಿಗೆ, ಔಷಧ ಒಗ್ಗದವರಿಗೆ, ಸೂಜಿಗೆ ತೀರ ಹೆದರುವವರಿಗೆ ಲೇಸರ್ ಉಪಯೋಗಕ್ಕೆ ಬರುತ್ತದೆ. ಇಂಜೆಕ್ಷನ್‌ನಿಂದಲೂ ನಾಳದ ಗುಂಟ ಕಂದು ಕಲೆ ಉಳಿಯಬಹುದು. ಹೆಚ್ಚಿನವರಿಗೆ ಅದು ತಿಂಗಳುಗಳಲ್ಲಿ ಮಾಸುತ್ತದೆ.

"ಲೇಸರ್ ಆಪರೇಷನ್" ಎಂಬ ಹೆಸರಿನಲ್ಲಿ ಇನ್ನೊಂದು ಚಿಕಿತ್ಸೆ ಇದೆ. ಇದನ್ನು ಮೇಲಿನದರ ಜೊತೆ ಬೆರೆಸಿಕೊಳ್ಳಬೇಡಿ. ಒಳಗಿನ ದೊಡ್ಡ ನಾಳದ ಕವಾಟ ಕೆಟ್ಟವರಿಗೆ ಇದನ್ನು ಮಾಡುತ್ತಾರೆ. ಜಾಗವನ್ನು ಮರಗಟ್ಟಿಸಿ, ಸ್ಕ್ಯಾನ್‌ನಲ್ಲಿ ನೋಡುತ್ತಾ, ನಾಳದೊಳಕ್ಕೆ ತೆಳುವಾದ ಲೇಸರ್ ತಂತುವನ್ನು ಇಳಿಸಿ ಒಳಗಿನಿಂದಲೇ ಬಿಸಿ ಮಾಡಿ ಮುಚ್ಚುತ್ತಾರೆ. 1999ರ ಸುಮಾರಿಗೆ ಶುರುವಾದ ಈ ವಿಧಾನ ಈಗ ಕರ್ನಾಟಕದ ದೊಡ್ಡ ನಗರಗಳಲ್ಲಿ ಸಾಮಾನ್ಯವಾಗಿದೆ. ಹೆಚ್ಚಿನವರು ಅದೇ ದಿನ ನಡೆದಾಡುತ್ತಾರೆ. ರೇಡಿಯೋ ತರಂಗದ ಬಿಸಿಯಿಂದಲೂ ಇದೇ ಕೆಲಸ ಮಾಡುತ್ತಾರೆ. ಬ್ರಿಟನ್‌ನ ಸರ್ಕಾರಿ ಚಿಕಿತ್ಸಾ ಮಾರ್ಗಸೂಚಿಯು 2013ರಲ್ಲೇ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆಗಿಂತ ಈ ಬಿಸಿ ಚಿಕಿತ್ಸೆಗೆ ಮೊದಲ ಸ್ಥಾನ ಕೊಟ್ಟಿದೆ. ಇದು ಅಂದಕ್ಕಾಗಿ ಮಾಡುವ ಚಿಕಿತ್ಸೆಯಲ್ಲ, ಕಾಯಿಲೆಗೆ ಮಾಡುವಂಥದ್ದು. ಎರಡಕ್ಕೂ ಲೇಸರ್ ಎಂಬ ಒಂದೇ ಹೆಸರಿರುವುದರಿಂದ ಕೇಳುವವರಿಗೆ ಗೊಂದಲವಾಗುತ್ತದೆ.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಕಾಲಿನ ಕಲರ್ ಡಾಪ್ಲರ್ ಸ್ಕ್ಯಾನ್. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನ್‌ನಂಥದ್ದೇ, ಸೂಜಿಯಿಲ್ಲ, ವಿಕಿರಣವಿಲ್ಲ. ನಿಮ್ಮನ್ನು ನಿಲ್ಲಿಸಿ ಕಾಲಿನ ಯಾವ ಕವಾಟ ಸೋರುತ್ತಿದೆ ಎಂದು ನೋಡುತ್ತಾರೆ. ಕಾಲು ಊದುವುದು, ಭಾರವಾಗುವುದು, ನಾಳ ಉಬ್ಬಿರುವುದು, ಚರ್ಮ ಕಪ್ಪಾಗಿರುವುದು ಇವುಗಳಲ್ಲಿ ಒಂದಿದ್ದರೂ ಡಾಪ್ಲರ್ ಇಲ್ಲದೆ ಲೇಸರ್ ಮಾಡಿಸಬೇಡಿ.

ಕೆನ್ನೆಯ ಕೆಂಪು ಗೆರೆ: ಮೊದಲು ಕ್ರೀಮ್ ಡಬ್ಬಿ ನೋಡಿ

ಮುಖದ ಕತೆಯೇ ಬೇರೆ. ಮೂಗಿನ ಪಕ್ಕ, ಕೆನ್ನೆಯ ಮೇಲೆ ಸಣ್ಣ ಕೆಂಪು ಎಳೆಗಳು ಬಿಸಿಲಿನಿಂದ, ವಯಸ್ಸಿನಿಂದ, ರೊಸೇಸಿಯಾ ಎಂಬ ಚರ್ಮದ ತೊಂದರೆಯಿಂದ ಬರಬಹುದು. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಸಲ ಇದಕ್ಕೆ ಕಾರಣ ಕನ್ನಡಿಯ ಪಕ್ಕದಲ್ಲಿಟ್ಟ ಕ್ರೀಮು. ಬೆಳ್ಳಗಾಗಲೆಂದು, ಮೊಡವೆ ಹೋಗಲೆಂದು, ಪಕ್ಕದ ಮನೆಯವರು ಹೇಳಿದರೆಂದು ಮೆಡಿಕಲ್ ಸ್ಟೋರ್‌ನಿಂದ ತಂದು ಹಚ್ಚುವ ಟ್ಯೂಬುಗಳಲ್ಲಿ ಅನೇಕವು ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುವ ಔಷಧಗಳು. ಹಚ್ಚಿದ ವಾರದಲ್ಲೇ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಳಗಿನ ನಾಳಗಳು ಹಿಗ್ಗಿ ಕಾಣತೊಡಗುತ್ತವೆ. ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಬಿಟ್ಟರೆ ಇನ್ನಷ್ಟು ಕೆಂಪಾಗುವುದರಿಂದ ಹೆದರಿ ಮತ್ತೆ ಹಚ್ಚುತ್ತಾರೆ.

ಇದು ಕೆಲವೇ ಜನರ ತೊಂದರೆಯಲ್ಲ. ಭಾರತದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯೆಂದು ಬಂದ 2,926 ಮಂದಿಯನ್ನು ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು.

ಇಂಥ ಮುಖಕ್ಕೆ ನೇರವಾಗಿ ಲೇಸರ್ ಮಾಡಿಸಿದರೆ ಪ್ರಯೋಜನವಿಲ್ಲ. ತೆಳುವಾದ ಚರ್ಮ ಸುಡುವ ಅಪಾಯ ಬೇರೆ. ನಿಮ್ಮ ಮನೆಯ ಟ್ಯೂಬುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಚರ್ಮವೈದ್ಯರ ಬಳಿ ಹೋಗಿ. ಕ್ರೀಮನ್ನು ಹೇಗೆ ಬಿಡಿಸಬೇಕೆಂದು ಅವರು ಹೇಳುತ್ತಾರೆ. ತಿಂಗಳುಗಳು ಹಿಡಿಯುತ್ತದೆ, ಆದರೆ ಚರ್ಮ ಚೇತರಿಸಿಕೊಂಡಂತೆ ಕೆಂಪು ತಗ್ಗುತ್ತದೆ. ಆಮೇಲೂ ಉಳಿದ ಗೆರೆಗಳಿಗೆ ಲೇಸರ್ ಬೇಕಾದರೆ ಮಾಡಿಸಬಹುದು. ಮದುವೆಗೆ ಹದಿನೈದು ದಿನ ಇರುವಾಗ ಯಾವ ಲೇಸರೂ ಬೇಡ.

ಇನ್ನೊಂದು ಮಾತು. ಎದೆ, ಭುಜ, ಕುತ್ತಿಗೆಯ ಮೇಲೆ ನಡುವೆ ಚುಕ್ಕೆಯಿದ್ದು ಸುತ್ತ ಕಾಲು ಚಾಚಿದ ಜೇಡದಂಥ ಕೆಂಪು ಗುರುತುಗಳು ಹಲವು ಕಾಣಿಸಿಕೊಂಡರೆ, ಅದರ ಜೊತೆ ಕಣ್ಣು ಹಳದಿಯಾಗಿದ್ದರೆ ಅಥವಾ ಹೊಟ್ಟೆ ಊದಿದ್ದರೆ ಪಿತ್ತಜನಕಾಂಗದ ಪರೀಕ್ಷೆ ಆಗಬೇಕು. ಬಸಿರಿನಲ್ಲಿ ಒಂದೆರಡು ಕಾಣಿಸಿಕೊಳ್ಳುವುದು ಸಹಜ.

ಎಲ್ಲಿಗೆ ಹೋಗುವುದು? ಏನು ಕೇಳುವುದು?

ನೊಣವಿನಕೆರೆಯವರಿಗೆ ಮೊದಲ ಮೆಟ್ಟಿಲು ತಿಪಟೂರಿನ ಸಾರ್ವಜನಿಕ ಆಸ್ಪತ್ರೆ. ಅಲ್ಲಿನ ಶಸ್ತ್ರವೈದ್ಯರು ಕಾಲು ನೋಡಿ ಮುಂದೇನೆಂದು ಹೇಳಬಲ್ಲರು. ಸರ್ಕಾರಿ ಆಸ್ಪತ್ರೆಯಿಂದ ಮುಂದಿನ ಆಸ್ಪತ್ರೆಗೆ ಕಳಿಸುವ ಪತ್ರ ಪಡೆಯುವುದು ಮುಖ್ಯ. ತುಮಕೂರಿನ ಜಿಲ್ಲಾ ಆಸ್ಪತ್ರೆ ಇದೆ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೆ. ರೈಲು ಹತ್ತಿದರೆ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಿವೆ. ರಕ್ತನಾಳಕ್ಕೇ ಮೀಸಲಾದ ವಿಭಾಗಗಳು ಬೆಂಗಳೂರಿನ ಜಯದೇವ ಸಂಸ್ಥೆಯಲ್ಲೂ ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲೂ ಇವೆ. ಕಾಲಿಗಾದರೆ ರಕ್ತನಾಳ ಶಸ್ತ್ರಚಿಕಿತ್ಸಾ ತಜ್ಞರು, ಮುಖಕ್ಕಾದರೆ ಚರ್ಮರೋಗ ತಜ್ಞರು ಎಂಬುದು ನೆನಪಿರಲಿ.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ನಿಮ್ಮ ಕಾಲಿನ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರನ್ನು ಕೇಳಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಬರೀ ಅಂದಕ್ಕಾಗಿ ಮಾಡಿಸುವ ಲೇಸರ್‌ಗೆ ಮಾತ್ರ ಸ್ವಂತ ದುಡ್ಡೇ ಗತಿ.

ಖಾಸಗಿ ಕ್ಲಿನಿಕ್‌ಗೆ ಹೋದರೆ ಸಂಕೋಚಪಡದೆ ಇವನ್ನು ಕೇಳಿ:

- ಲೇಸರ್ ಹಿಡಿಯುವವರು ಯಾರು? ಚರ್ಮ ಅಥವಾ ರಕ್ತನಾಳದಲ್ಲಿ ತಜ್ಞ ಪದವಿ ಪಡೆದ ವೈದ್ಯರೇ ಅಥವಾ ಸಹಾಯಕರೇ?
- ಕರ್ನಾಟಕದ 2007ರ ಕಾಯ್ದೆಯಂತೆ ಈ ಕ್ಲಿನಿಕ್ ನೋಂದಣಿಯಾಗಿದೆಯೇ?
- ನನ್ನ ಗೆರೆಗಳಿಗೆ ಕಾರಣವೇನು? ಡಾಪ್ಲರ್ ಬೇಕೇ?
- ಇದು ಯಾವ ಲೇಸರ್? ನನ್ನ ಬಣ್ಣದ ಚರ್ಮಕ್ಕೆ ಹಿಂದೆ ಮಾಡಿದ್ದೀರಾ? ಮೊದಲು ಸಣ್ಣ ಜಾಗದಲ್ಲಿ ಪ್ರಯೋಗ ಮಾಡುತ್ತೀರಾ?
- ಒಟ್ಟು ಎಷ್ಟು ಬಾರಿ ಬರಬೇಕು? ಎಲ್ಲ ಸೇರಿ ಖರ್ಚೆಷ್ಟು? ಕಾಗದದಲ್ಲಿ ಬರೆದು ಕೊಡಿ.
- ಕಲೆ ಉಳಿದರೆ ಏನು ಮಾಡುತ್ತೀರಿ?

ಇಷ್ಟು ಕೇಳಿದ್ದಕ್ಕೆ ಬೇಸರಪಡುವ ಕ್ಲಿನಿಕ್ ನಿಮಗೆ ಬೇಡ. ಕಂತಿನಲ್ಲಿ ಕಟ್ಟಿ, ಇವತ್ತೇ ಸೇರಿದರೆ ರಿಯಾಯಿತಿ ಎಂಬ ಮಾತಿಗೂ ಮರುಳಾಗಬೇಡಿ.

ಸಂಕೋಚದ ಬೆಲೆ

ಕಾಲು ತೋರಿಸಬೇಕಲ್ಲ ಎಂಬ ನಾಚಿಕೆಯಿಂದ ವರ್ಷಗಟ್ಟಲೆ ಸುಮ್ಮನಿರುವ ಸಹೋದರಿಯರು ನಮ್ಮಲ್ಲಿ ಎಷ್ಟೋ ಇದ್ದಾರೆ. ಶಲ್ವಾರಿನ ಅಡಿಯಲ್ಲಿ ಚರ್ಮ ಕಪ್ಪಾಗುತ್ತದೆ, ತುರಿಸುತ್ತದೆ, ಒಡೆಯುತ್ತದೆ. ಮನೆಯವರಿಗೆ ಗೊತ್ತಾಗುವುದು ಹುಣ್ಣಿನ ವಾಸನೆ ಬಂದಾಗ. ಕಣಕಾಲಿನ ಬಳಿ ಆಗುವ ಆ ಹುಣ್ಣು ಮಾಯಲು ತಿಂಗಳುಗಳು ಬೇಕು. ಒಮ್ಮೆ ವಾಸಿಯಾದದ್ದು ಮತ್ತೆ ಬರುತ್ತದೆ. ಎರಡನೆಯ ಹಂತದಲ್ಲಿ ಒಂದು ದಿನದಲ್ಲಿ ಮುಗಿಯಬಹುದಾಗಿದ್ದ ಚಿಕಿತ್ಸೆ ಆರನೆಯ ಹಂತದಲ್ಲಿ ವರ್ಷಗಳ ಡ್ರೆಸ್ಸಿಂಗ್ ಆಗುತ್ತದೆ.

ಚಿಕಿತ್ಸೆಯ ಅಗತ್ಯವಿದ್ದಾಗ ಬೇಕಾದಷ್ಟು ಭಾಗವನ್ನು ವೈದ್ಯರಿಗೆ ತೋರಿಸಲು ಶರೀಅತ್ ಅಡ್ಡಿಯಾಗುವುದಿಲ್ಲ. ಮಹಿಳಾ ವೈದ್ಯೆ ಸಿಕ್ಕರೆ ಸಂತೋಷ, ಸಿಗದಿದ್ದರೆ ನರ್ಸ್ ಅಥವಾ ನಿಮ್ಮ ಮನೆಯವರು ಜೊತೆಗಿರಲಿ ಎಂದು ಕೇಳಿ. ಆ ಕೇಳಿಕೆ ನಿಮ್ಮ ಹಕ್ಕು. ಪರೀಕ್ಷೆಗೆ ಹೋಗುವ ದಿನ ಸಡಿಲವಾದ ಶಲ್ವಾರ್ ಧರಿಸಿ, ಉಳಿದ ಭಾಗ ಮುಚ್ಚಲು ಒಂದು ಹೊದಿಕೆ ಕೇಳಿ ಪಡೆಯಿರಿ. ಮನೆಯ ಗಂಡಸರಲ್ಲಿ ಒಂದು ಮನವಿ: ನಿಮ್ಮ ತಾಯಿಯ, ಹೆಂಡತಿಯ ಕಾಲಿನ ಬಗ್ಗೆ ನೀವಾಗಿಯೇ ಕೇಳಿ. ಅವರಾಗಿ ಹೇಳಲಾರರು.

ಮನೆಯಲ್ಲಿ ಮಾಡಬಹುದಾದದ್ದು

ಗೆರೆಗಳನ್ನು ಮಾಯ ಮಾಡುವ ಮನೆಮದ್ದಿಲ್ಲ. ಆದರೆ ಬಾವು, ಭಾರ, ನೋವು ಕಡಿಮೆಯಾಗಲು, ಕಾಯಿಲೆ ಬೇಗ ಬೆಳೆಯದಂತೆ ನೋಡಿಕೊಳ್ಳಲು ಇವು ಸಹಾಯಕ.

- ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಒಲೆಯ ಮುಂದೆ ನಿಂತಾಗ ನಡುನಡುವೆ ಹಿಮ್ಮಡಿ ಎತ್ತಿ ಇಳಿಸಿ.
- ಕೊಬ್ಬರಿ, ಬೀಡಿ, ಹೊಲಿಗೆ ಯಾವುದೇ ಕೆಲಸದಲ್ಲಿ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ಹಾಕಿ.
- ಮಲಗುವಾಗ ಕಾಲು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ದಿಂಬು ಇಡಿ.
- ಮೈಭಾರ ಇಳಿಸಿ, ಮಲಬದ್ಧತೆ ಆಗದಂತೆ ಸೊಪ್ಪು ತರಕಾರಿ ತಿನ್ನಿ.
- ನಲವತ್ತು ದಿನದ ಬಾಣಂತನದಲ್ಲಿ ಮಂಚ ಬಿಟ್ಟು ಇಳಿಯಬಾರದೆಂಬ ಕಟ್ಟುಪಾಡು ಬೇಡ. ಹೆರಿಗೆಯ ನಂತರದ ಆರು ವಾರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ವೈದ್ಯರು ಬೇಡವೆಂದಿಲ್ಲದಿದ್ದರೆ ಮನೆಯೊಳಗೆ ಓಡಾಡಬೇಕು.

ಕಾಲಿಗೆ ಬಿಗಿಯಾದ ವೈದ್ಯಕೀಯ ಕಾಲುಚೀಲ ಹಾಕಲು ವೈದ್ಯರು ಹೇಳಬಹುದು. ಅದನ್ನು ಅಳತೆ ತೆಗೆದು ಕೊಳ್ಳಬೇಕು. ಬೆಳಿಗ್ಗೆ ಬಾವು ಏರುವ ಮೊದಲೇ ಹಾಕಿ, ರಾತ್ರಿ ತೆಗೆಯಬೇಕು. ಹಳೆಯ ಸಕ್ಕರೆ ಕಾಯಿಲೆಯವರು, ಕಾಲಿಗೆ ರಕ್ತ ಸರಿಯಾಗಿ ಬರದವರು ಪರೀಕ್ಷೆಯಿಲ್ಲದೆ ಹಾಕಬಾರದು. ಪ್ರತಿ ವುಝೂಗೂ ಅದನ್ನು ತೆಗೆದು ಹಾಕುವುದು ಕಷ್ಟವೆಂದು ಅನೇಕರು ಬಿಟ್ಟೇಬಿಡುತ್ತಾರೆ. ಬಿಡಬೇಡಿ. ನಿಮ್ಮ ಕಷ್ಟವನ್ನು ವೈದ್ಯರಿಗೆ ಹೇಳಿ. ಅದರ ಮೇಲೆ ಮಸಹ್ ಮಾಡುವ ವಿಷಯವನ್ನು ನಿಮಗೆ ವಿಶ್ವಾಸವಿರುವ ಆಲಿಮರಲ್ಲಿ ಕೇಳಿಕೊಳ್ಳಿ.

ಉಬ್ಬಿದ ನಾಳದ ಮೇಲೆ ಬಲವಾಗಿ ತಿಕ್ಕಿ ಮಾಲೀಸು ಮಾಡಬೇಡಿ. ಹಿಜಾಮ ಮಾಡಿಸುವವರು ಆ ನಾಳದ ಮೇಲೆ ಗೀರು ಹಾಕಿಸಬೇಡಿ, ರಕ್ತ ನಿಲ್ಲುವುದು ಕಷ್ಟವಾಗುತ್ತದೆ.

ಈ ಲಕ್ಷಣ ಕಂಡರೆ ತಡ ಬೇಡ

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ಆಸ್ಪತ್ರೆಗೆ ಹೋಗಿ. ಅದರ ಜೊತೆ ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ಉಬ್ಬಿದ ನಾಳ ಕೆಂಪಾಗಿ ಬಿಸಿಯಾಗಿ ಗಟ್ಟಿಯಾದರೂ ವೈದ್ಯರಿಗೆ ತೋರಿಸಿ.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ, ಅದು ಬಚ್ಚಲಲ್ಲೇ ಆಗಿರಲಿ, ನಿಂತಿರಬೇಡಿ, ಕುರ್ಚಿಯಲ್ಲೂ ಕೂರಬೇಡಿ. ಕೂಡಲೇ ನೆಲದ ಮೇಲೆ ಮಲಗಿ, ಕಾಲನ್ನು ಗೋಡೆಗೋ ಬಕೆಟ್‌ಗೋ ಆನಿಸಿ ಮೇಲೆತ್ತಿ, ಮಡಿಸಿದ ಬಟ್ಟೆಯಿಂದ ಆ ಜಾಗವನ್ನು ಒತ್ತಿ ಹಿಡಿಯಿರಿ. ಹೀಗೆ ಮಾಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ. ನಂತರ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದ ನಾನಿ, ದಾದಿಯರು ಇರುವ ಮನೆಯಲ್ಲಿ ಮಕ್ಕಳಿಗೂ ಇದನ್ನು ಹೇಳಿಕೊಟ್ಟಿರಿ.

ಸಹೋದರಿಯರೇ, ಅಂದವಾಗಿ ಕಾಣಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ. ಕಾರಣ ತಿಳಿದು, ಮೂಲಕ್ಕೆ ಚಿಕಿತ್ಸೆ ಪಡೆದು, ಆಮೇಲೂ ಉಳಿದ ಗೆರೆ ಮನಸ್ಸಿಗೆ ಕಿರಿಕಿರಿ ಮಾಡುತ್ತಿದ್ದರೆ, ಕೈಯಲ್ಲಿ ದುಡ್ಡೂ ಇದ್ದರೆ ಲೇಸರ್ ಮಾಡಿಸಿಕೊಳ್ಳಿ. ಆದರೆ ಈ ತಿಂಗಳು ಒಂದೇ ಒಬ್ಬರ ಖರ್ಚಿಗೆ ಹಣವಿದ್ದರೆ, ಕೆನ್ನೆಯ ಗೆರೆಗಿಂತ ಮೊದಲು ಅಮ್ಮೀಯ ಕಾಲಿನ ಡಾಪ್ಲರ್ ಆಗಲಿ.